ಹಳೇ ಲ್ಯಾಪ್‌ಟಾಪ್‌ನಲ್ಲಿ ಸಂಗೀತ ಪಾಠ: ತಪಾಸಣೆಯಿಂದ ಆನ್‌ಲೈನ್ ಕ್ಲಾಸ್‌ವರೆಗೆ

ಅರಸೀಕೆರೆಯಲ್ಲಿರುವ ನನ್ನ ಚಿಕ್ಕಮ್ಮ ಮನೆಯಲ್ಲೇ ಸಂಗೀತ ಹೇಳಿಕೊಡುತ್ತಾರೆ. ಸಂಜೆ ಐದಕ್ಕೆ ಜಮಖಾನ ಹಾಸಿದರೆ ಏಳೆಂಟು ಮಕ್ಕಳು ಬಂದು ಕೂರುತ್ತಾರೆ. ಅವರಲ್ಲಿ ಒಬ್ಬಳು ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಹೊರಟಳು. ಜಂಟಿ ವರಸೆ (ಒಂದೊಂದು ಸ್ವರವನ್ನೂ ಜೋಡಿಯಾಗಿ ಹಾಡುವ ಆರಂಭದ ಪಾಠ) ಅರ್ಧಕ್ಕೆ ನಿಂತಿತ್ತು. ಚಿಕ್ಕಮ್ಮ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು ನನಗೆ ಫೋನ್ ಮಾಡಿದರು. "ಇದಕ್ಕೆ ಏನೇನು ಹಾಕ್ಬೇಕೋ ಬಂದು ಹಾಕ್ಕೊಡೋ."

ಹಾಕಿಕೊಟ್ಟೆ. ಒಂದೇ ಸಲಕ್ಕೆ ಸರಿಯಾಗಲಿಲ್ಲ. ಎಲ್ಲೆಲ್ಲಿ ಎಡವಿದೆ, ಯಾವ ಸಾಫ್ಟ್‌ವೇರ್ ಉಳಿಯಿತು ಅಂತ ಇಲ್ಲಿ ಬರೆದಿದ್ದೇನೆ. ಸಂಗೀತಕ್ಕೇ ಅಂತಲ್ಲ, ಗಣಿತವೋ ಸಂಸ್ಕೃತವೋ ಹೇಳಿಕೊಡುವವರಿಗೂ ಮುಕ್ಕಾಲು ಭಾಗ ಹೀಗೇ ಅನ್ವಯಿಸುತ್ತದೆ. ಇಲ್ಲಿ ಹೇಳಿರುವ ಯಾವ ಸಾಫ್ಟ್‌ವೇರ್‌ಗೂ ದುಡ್ಡು ಕೊಡಬೇಕಿಲ್ಲ.

ಮೊದಲು ಯಂತ್ರದ ನಾಡಿ ನೋಡಿ

ಲ್ಯಾಪ್‌ಟಾಪ್ ಬಂದ ತಕ್ಷಣ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಲು ಕೈ ತುರಿಸುತ್ತದೆ. ತಡೆಯಿರಿ. ಒಂದು ರಾತ್ರಿ ಒಂದು ಹಗಲು ತಪಾಸಣೆಗೆ ಇಡಿ. ಅಂಗಡಿಯವರು ಕೊಟ್ಟ ವಾಪಸಾತಿ ಗಡುವು ಮುಗಿಯುವ ಮುಂಚೆ ಇದು ಆಗಬೇಕು.

ಶುರು ಮಾಡುವುದು ಡಿಸ್ಕ್‌ನಿಂದ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವುದು ಜಪಾನಿನ ಡೆವಲಪರ್ ಒಬ್ಬರು ಮಾಡಿದ, ಡಿಸ್ಕ್‌ನ ಆರೋಗ್ಯ ತೋರಿಸುವ ಪುಟ್ಟ ಸಾಫ್ಟ್‌ವೇರ್. ಇದರಲ್ಲಿ ಅನಿಮೆ ಹುಡುಗಿಯರ ಚಿತ್ರ ಇರುವ ಆವೃತ್ತಿಗಳೂ ಇವೆ. ಗಾಬರಿ ಆಗಬೇಡಿ, ಕೆಲಸ ಎಲ್ಲದರಲ್ಲೂ ಒಂದೇ. ತೆರೆದ ಕೂಡಲೇ ಎಡಗಡೆ ಗುಡ್, ಕಾಷನ್, ಬ್ಯಾಡ್ ಅಂತ ಮೂರರಲ್ಲಿ ಒಂದು ತೋರಿಸುತ್ತದೆ. ಗುಡ್ ಅಂದರೆ ನೀಲಿ, ಕಾಷನ್ ಅಂದರೆ ಹಳದಿ.

ಬಣ್ಣ ನೋಡಿ ಸುಮ್ನಾಗಬೇಡಿ. ಬಲಗಡೆ ಪವರ್ ಆನ್ ಅವರ್ಸ್ ಅಂತ ಒಂದು ಸಂಖ್ಯೆ ಇರುತ್ತದೆ, ಆ ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ. ಚಿಕ್ಕಮ್ಮನಿಗೆ ಅಂಗಡಿಯವರು "ಎರಡೇ ವರ್ಷ ಬಳಸಿದ್ದು ಮೇಡಂ" ಅಂದಿದ್ದರು. ಡಿಸ್ಕ್ 19,000 ಗಂಟೆ ಅನ್ನುತ್ತಿತ್ತು. ದಿನಕ್ಕೆ ಎಂಟು ಗಂಟೆ ಲೆಕ್ಕ ಹಾಕಿದರೂ ಭಾನುವಾರ ರಜೆ ಇಲ್ಲದೆ ಆರೂವರೆ ವರ್ಷ! ಅಷ್ಟಾದರೂ ಡಿಸ್ಕ್ ಚೆನ್ನಾಗೇ ಇತ್ತು. ಆ ಸಂಖ್ಯೆ ತೋರಿಸಿ ಸ್ವಲ್ಪ ದುಡ್ಡು ವಾಪಸ್ ಪಡೆದೆವು.

ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಕೆಳಗಿನ ಪಟ್ಟಿಯಲ್ಲಿ ಮೂರು ಸಾಲು ನೋಡಿ: ರಿಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್, ಅನ್‌ಕರೆಕ್ಟಬಲ್ ಸೆಕ್ಟರ್. ಇವು ಡಿಸ್ಕ್‌ನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ. ಮೂರರಲ್ಲೂ ಸೊನ್ನೆ ಇದ್ದರೆ ನೆಮ್ಮದಿ. ಪೆಂಡಿಂಗ್ ಅನ್ನುವುದು ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಅದರಲ್ಲಿ ಪಾಠದ ಫೈಲ್ ಇಡಬೇಡಿ. ಒಂದು ಎಚ್ಚರಿಕೆ: ಈ ಸಂಖ್ಯೆಗಳನ್ನು ಅದು ಮೊದಲಿಗೆ ಹದಿನಾರರ ಮೂಲದಲ್ಲಿ ತೋರಿಸುತ್ತದೆ. ಅಲ್ಲಿ 1ಎ ಅಂತ ಇದ್ದರೆ ಅದು 26. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಅನ್ನುವಲ್ಲಿ ಹತ್ತರ ಮೂಲ ಆರಿಸಿಕೊಂಡರೆ ನಮ್ಮ ಮಾಮೂಲಿ ಲೆಕ್ಕ ಬರುತ್ತದೆ. ಎಸ್‌ಎಸ್‌ಡಿ ಆಗಿದ್ದರೆ ಇಷ್ಟು ತಲೆನೋವಿಲ್ಲ, ಸಾಮಾನ್ಯವಾಗಿ ಆರೋಗ್ಯ ಶೇಕಡಾ ಎಷ್ಟು ಅಂತ ನೇರವಾಗಿ ಹೇಳುತ್ತದೆ.

ಆಮೇಲೆ ಬ್ಯಾಟರಿ. ಇದಕ್ಕೆ ಸಾಫ್ಟ್‌ವೇರೇ ಬೇಡ, ವಿಂಡೋಸ್ ಒಳಗೇ ಇದೆ. ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಟೈಪ್ ಮಾಡಿ ಕಪ್ಪು ಕಿಟಕಿ ತೆರೆಯಿರಿ. ಪವರ್ ಅನ್ನುವ ಇಂಗ್ಲಿಷ್ ಪದ, ಅದಕ್ಕೆ ಅಂಟಿಕೊಂಡೇ ಸಿ, ಎಫ್, ಜಿ. ಒಂದು ಜಾಗ ಬಿಡಿ. ಮುಂದಕ್ಕೆ ವಾಲಿದ ಗೆರೆ. ಆಮೇಲೆ ಬ್ಯಾಟರಿ ರಿಪೋರ್ಟ್ ಅಂತ ಎರಡೂ ಪದ ಕೂಡಿಸಿ. ಎಂಟರ್ ಒತ್ತಿ. (ಫೋನಿನಲ್ಲಿ ನಾನು ಚಿಕ್ಕಮ್ಮನಿಗೆ ಹೀಗೇ ಹೇಳಿದ್ದು, ಮೂರನೇ ಸಲಕ್ಕೆ ಬಂತು.) ವರದಿಯ ಫೈಲ್ ಎಲ್ಲಿ ಕೂತಿದೆ ಅಂತ ಅದೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆದು ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎರಡನ್ನೂ ಪಕ್ಕಪಕ್ಕ ನೋಡಿ. ಚಿಕ್ಕಮ್ಮನ ಲ್ಯಾಪ್‌ಟಾಪ್‌ನಲ್ಲಿ ಮೊದಲನೆಯದು ಸುಮಾರು 41,000, ಎರಡನೆಯದು 19,000. ಅಂದರೆ ತುಂಬಿದ ಬ್ಯಾಟರಿಯೂ ಅರ್ಧಕ್ಕಿಂತ ಕಡಿಮೆ. ಕರೆಂಟ್ ಹೋದರೆ ಒಂದು ಕ್ಲಾಸ್ ದಾಟುವುದೂ ಅನುಮಾನ. ಈ ವಿಷಯ ಮುಂದೆ ರೆಕಾರ್ಡಿಂಗ್‌ನಲ್ಲಿ ಮತ್ತೆ ಬರುತ್ತದೆ.

ಕೊನೆಗೆ ರ್‍ಯಾಮ್. ಕೆಲಸ ನಡೆಯುವಾಗ ಯಂತ್ರ ಬಳಸುವ ತಾತ್ಕಾಲಿಕ ನೆನಪು ಇದು. ಯಾರೂ ಪರೀಕ್ಷೆ ಮಾಡದೆ ಬಿಟ್ಟುಬಿಡುವುದು ಇದನ್ನೇ, ಕಾರಣವೇ ಗೊತ್ತಾಗದ ಹಾಗೆ ಕಾಡುವುದೂ ಇದೇ. ಮೆಮ್‌ಟೆಸ್ಟ್86 ಪ್ಲಸ್ ಡೌನ್‌ಲೋಡ್ ಮಾಡಿ. ರೂಫಸ್ ಅನ್ನುವ ಸಾಫ್ಟ್‌ವೇರ್‌ನಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲು ತೆಗೆದಿಡಿ. ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್‌ನಿಂದ ಶುರುವಾಗದಿದ್ದರೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಬಹುದು. ಆದರೆ ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ಇದಾದ ಮೇಲೆ ರಿಕವರಿ ಕೀ ಕೇಳೀತು. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯಿರಿ.

ಪರೀಕ್ಷೆ ತಾನಾಗಿ ಶುರುವಾಗುತ್ತದೆ. ರಾತ್ರಿ ಊಟ ಆದ ಮೇಲೆ ಚಾರ್ಜರ್ ಹಾಕಿ ಬಿಟ್ಟು ಮಲಗಿ. ಬೆಳಿಗ್ಗೆ ಎರರ್ ಅನ್ನುವ ಜಾಗದಲ್ಲಿ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಸರಿಯಿಲ್ಲ ಅಂತಲೇ ಅರ್ಥ, "ಒಂದೇ ತಾನೇ" ಅನ್ನುವ ಹಾಗಿಲ್ಲ. ನಮಗೆ ಬೆಳಿಗ್ಗೆ ಕೆಂಪು ಸಾಲುಗಳು ಕಂಡವು. ಒಳಗೆ 4 ಜಿಬಿಯ ಎರಡು ರ್‍ಯಾಮ್ ಪಟ್ಟಿಗಳಿದ್ದವು. ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಇಟ್ಟು ಓಡಿಸಿದೆ, ತಪ್ಪಿಲ್ಲ. ಅದಲುಬದಲು ಮಾಡಿ ಅದೇ ಗುಂಡಿಯಲ್ಲಿ ಓಡಿಸಿದೆ, ಹತ್ತೇ ನಿಮಿಷಕ್ಕೆ ಕೆಂಪು. ಗುಂಡಿ ಸರಿಯಿದೆ, ಪಟ್ಟಿ ಕೆಟ್ಟಿದೆ ಅಂತ ಗೊತ್ತಾಯಿತು. ಬೇರೆ ಪಟ್ಟಿ ಹಾಕಿಸಿದೆವು. ಇದನ್ನು ನೋಡದೆ ರೆಕಾರ್ಡಿಂಗ್ ಶುರು ಮಾಡಿದ್ದರೆ, ಸಾಫ್ಟ್‌ವೇರ್ ನಡುವೆ ಮುಚ್ಚಿಕೊಂಡಾಗಲೆಲ್ಲ ಸಾಫ್ಟ್‌ವೇರನ್ನೇ ಬೈಯುತ್ತಿದ್ದೆ ನಾನು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಯಂತ್ರಕ್ಕೆ ವಿಂಡೋಸ್ 11 ಹಿಡಿಸದಿದ್ದರೆ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ ಹಾಕಬಹುದು. ಮುಂದೆ ಹೇಳುವ ಆಡಾಸಿಟಿ, ಓಬಿಎಸ್, ಶಾಟ್‌ಕಟ್ ಮೂರೂ ಅದರಲ್ಲಿ ಓಡುತ್ತವೆ.

ಡೌನ್‌ಲೋಡ್ ಎಲ್ಲಿಂದ

ಹುಡುಕಿದಾಗ ಮೇಲೆ ಬರುವ ಜಾಹೀರಾತಿನಿಂದ ಬೇಡ. ಆ ಸಾಫ್ಟ್‌ವೇರ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹಸಿರು ಬಟನ್ ಎಷ್ಟು ದೊಡ್ಡದಿದೆಯೋ ಅಷ್ಟು ಅನುಮಾನ ಪಡಿ. ಇವುಗಳಲ್ಲಿ ಯಾವುದಕ್ಕಾದರೂ ಕಾರ್ಡ್ ನಂಬರ್ ಕೇಳಿದರೆ ನೀವು ಬೇರೆಲ್ಲೋ ಹೋಗಿದ್ದೀರಿ.

ದನಿ: ಆಡಾಸಿಟಿ ಮತ್ತು ಕಾಣೆಯಾದ ಶ್ರುತಿ

ಆಡಾಸಿಟಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2000ದಲ್ಲಿ ಹೊರಬಂದ, ದನಿ ರೆಕಾರ್ಡ್ ಮಾಡಿ ತಿದ್ದುವ ಸಾಫ್ಟ್‌ವೇರ್. ನೋಡಲು ಹಳೆಯ ಕಾಲದ್ದು ಅನಿಸಿದರೂ ದನಿಯ ಕೆಲಸಕ್ಕೆ ನನಗೆ ಇದಕ್ಕಿಂತ ನೆಮ್ಮದಿಯದು ಸಿಕ್ಕಿಲ್ಲ. ನಾನು ಹೇಳುವ ಮೆನು ಹೆಸರುಗಳು 3ನೇ ಸರಣಿಯವು.

ಮೊದಲ ರೆಕಾರ್ಡಿಂಗ್ ಹೀಗಾಯಿತು. ಚಿಕ್ಕಮ್ಮ ಶ್ರುತಿಪೆಟ್ಟಿಗೆ ಹಾಕಿಕೊಂಡು ಹಾಡಿದರು (ಶ್ರುತಿ ಅಂದರೆ ಹಾಡಿಗೆ ಆಧಾರವಾಗಿ ಹಿಂದೆ ಒಂದೇ ಸಮ ನುಡಿಯುವ ಸ್ವರ). ಹಿಂದೆ ಫ್ಯಾನ್ ಸದ್ದು ಇತ್ತು. ನಾನು ಜಾಣನ ಹಾಗೆ ನಾಯ್ಸ್ ರಿಡಕ್ಷನ್ ಹಾಕಿದೆ. ಫ್ಯಾನ್ ಹೋಯಿತು. ಚಿಕ್ಕಮ್ಮ ಕೇಳಿ ಹುಬ್ಬು ಗಂಟು ಹಾಕಿದರು. "ಏನೋ ಇದು, ಶ್ರುತಿನೇ ಕೇಳಿಸ್ತಿಲ್ವಲ್ಲೋ!"

ಹಾಡುವ ಮುಂಚಿನ ಎರಡು ಸೆಕೆಂಡನ್ನು ಸದ್ದಿನ ಮಾದರಿ ಅಂತ ತೋರಿಸಿದ್ದೆ ನಾನು. ಅಲ್ಲಿ ಫ್ಯಾನ್ ಜೊತೆ ಶ್ರುತಿಯೂ ಇತ್ತು. ಎಡೆಬಿಡದೆ ಒಂದೇ ಸಮ ಬರುವ ಸದ್ದೆಲ್ಲ ಸಾಫ್ಟ್‌ವೇರ್ ಲೆಕ್ಕದಲ್ಲಿ ಗಲಾಟೆಯೇ. ಅದಕ್ಕೆ ತಂಬೂರಿಯೂ ಒಂದೇ, ಸೀಲಿಂಗ್ ಫ್ಯಾನೂ ಒಂದೇ. ಸಂಗೀತದವರು ಈ ಒಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ಆಮೇಲೆ ಹೀಗೆ ಮಾಡಿದೆವು. ಶ್ರುತಿಯನ್ನು ಫೋನಿನ ತಂಬೂರಿ ಆ್ಯಪ್‌ನಲ್ಲಿ ಹಾಕಿ, ಇಯರ್‌ಫೋನ್‌ನಲ್ಲಿ ಒಂದೇ ಕಿವಿಗೆ ಕೊಟ್ಟೆ. ಮೈಕ್‌ಗೆ ಬರುವುದು ಬರೀ ದನಿ. ಫ್ಯಾನ್ ಆಫ್ (ಏಪ್ರಿಲ್‌ನಲ್ಲಿ ಇದು ತ್ಯಾಗವೇ ಸರಿ), ಕಿಟಕಿ ಮುಚ್ಚಿ, ನೆಲದ ಮೇಲೆ ಜಮಖಾನ, ಗೋಡೆಗೆ ಒಂದು ರಜಾಯಿ. ಬರಿಗೋಡೆಯ ಕೋಣೆಯಲ್ಲಿ ಬರುವ ಗುಂಯ್ ಅನ್ನುವ ಪ್ರತಿಧ್ವನಿಯನ್ನು ಯಾವ ಸಾಫ್ಟ್‌ವೇರೂ ನೀಟಾಗಿ ತೆಗೆಯುವುದಿಲ್ಲ, ಬಟ್ಟೆ ತೆಗೆಯುತ್ತದೆ.

ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸೌಂಡ್, ಅಲ್ಲಿ ನಿಮ್ಮ ಮೈಕ್ ಆರಿಸಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಆಡಾಸಿಟಿಯಲ್ಲಿ ಮೊನೊ, 48,000 ಹರ್ಟ್ಜ್ ಇಡಿ. ತಾರಸ್ಥಾಯಿಯ ಒಂದು ಸಾಲು ಪೂರ್ತಿ ದನಿ ಬಿಟ್ಟು ಹಾಡಿಸಿ ಮೀಟರ್ ನೋಡಿ. ಅತಿ ಎತ್ತರದ ಜಾಗದಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಂತರೆ ಸರಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಕೂಡಿಸಲು ಬರುವುದಿಲ್ಲ. ಮೆಲ್ಲಗಾದರೆ ಪರವಾಗಿಲ್ಲ, ಏರಿಸಬಹುದು.

ರೆಕಾರ್ಡ್ ಒತ್ತಿದ ಮೇಲೆ ಐದು ಸೆಕೆಂಡ್ ಸುಮ್ನೆ ಕೂರಿ. ಆಮೇಲೆ ಹಾಡಿ. ಮುಗಿದ ಮೇಲೆ ಆ ಐದು ಸೆಕೆಂಡ್ ಮಾತ್ರ ಆರಿಸಿ, ಎಫೆಕ್ಟ್ ಮೆನುವಿನ ನಾಯ್ಸ್ ರಿಡಕ್ಷನ್‌ನಲ್ಲಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ನಂತರ ಇಡೀ ಹಾಡನ್ನು ಆರಿಸಿ ಮತ್ತೆ ಅಲ್ಲಿಗೇ ಬನ್ನಿ. ಅಲ್ಲಿ 12 ಡೆಸಿಬಲ್ ಜಾಸ್ತಿ ಅನಿಸಿದರೆ 6ಕ್ಕೆ ಇಳಿಸಿ. ಜಾಸ್ತಿ ಹಾಕಿದರೆ ದನಿ ಕೊಡದೊಳಗಿಂದ ಬಂದ ಹಾಗಾಗುತ್ತದೆ, ಗಮಕದ ಅಂಚುಗಳು ಸವೆಯುತ್ತವೆ.

ಈಗ ಶ್ರುತಿಯನ್ನು ಎರಡನೇ ಟ್ರ್ಯಾಕ್ ಆಗಿ ಇಂಪೋರ್ಟ್ ಮಾಡಿ ಹಾಡಿನ ಕೆಳಗೆ ಕೂರಿಸಿ. ಹಾಡಿದಾಗ ಇಟ್ಟುಕೊಂಡ ಶ್ರುತಿಯೇ ಇರಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ತಾಳ ಇಲ್ಲದ ಸದ್ದಾದ್ದರಿಂದ ಹಿಂದೆ ಮುಂದೆ ಆದರೂ ನಡೆಯುತ್ತದೆ. ದನಿ ಶುದ್ಧವಾಯಿತು, ಶ್ರುತಿಯೂ ಉಳಿಯಿತು.

ಮೂಲವನ್ನು ವೇವ್ ಫೈಲ್ ಆಗಿ ಇಟ್ಟುಕೊಳ್ಳಿ, ಮಕ್ಕಳಿಗೆ ಎಂಪಿ3 ಕಳಿಸಿ. ಹತ್ತು ನಿಮಿಷದ ಮೊನೊ ವೇವ್ ಸುಮಾರು 58 ಎಂಬಿ ಬರುತ್ತದೆ, 128 ಕೆಬಿಪಿಎಸ್‌ನ ಎಂಪಿ3 ಹತ್ತು ಎಂಬಿಯ ಒಳಗೆ.

ವಿಡಿಯೋ: ಓಬಿಎಸ್ ಸ್ಟುಡಿಯೋ

ಕೈಯಲ್ಲಿ ತಾಳ ಹಾಕುವುದು ಕಾಣಬೇಕಾದರೆ ವಿಡಿಯೋ ಬೇಕು. ಕ್ಯಾಮೆರಾ, ಪರದೆ ಎರಡನ್ನೂ ರೆಕಾರ್ಡ್ ಮಾಡುವ ಓಬಿಎಸ್ 2012ರಲ್ಲಿ ಗೇಮ್ ಆಡುವವರಿಗೆ ಅಂತ ಶುರುವಾಗಿ ಈಗ ಪಾಠದವರ ಕೈಗೂ ಬಂದಿದೆ. ಮೊದಲ ಸಲ ತೆರೆದಾಗ ಒಂದು ವಿಝಾರ್ಡ್ ಪ್ರಶ್ನೆ ಕೇಳುತ್ತದೆ, ರೆಕಾರ್ಡಿಂಗ್ ಮಾತ್ರ ಅನ್ನುವುದನ್ನು ಆರಿಸಿ. ಹಳೇ ಯಂತ್ರಕ್ಕೆ 1280 × 720, ಸೆಕೆಂಡಿಗೆ 30 ಫ್ರೇಮ್ ಸಾಕು. ಸೋರ್ಸಸ್ ಡಬ್ಬಿಯಲ್ಲಿ ಪ್ಲಸ್ ಒತ್ತಿ ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿದರೆ ಕ್ಯಾಮೆರಾ ಬರುತ್ತದೆ. ಸ್ವರಲಿಪಿ ಪರದೆ ಮೇಲೆ ತೋರಿಸಬೇಕಾದರೆ ಡಿಸ್‌ಪ್ಲೇ ಕ್ಯಾಪ್ಚರ್. ಅದು ಕಪ್ಪಗೆ ಬಂದರೆ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರಬಹುದು. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಓಬಿಎಸ್‌ಗೆ ಪವರ್ ಸೇವಿಂಗ್ ಕೊಟ್ಟು ಮತ್ತೆ ತೆರೆಯಿರಿ.

ಹೊಸಬರು ಬೀಳುವ ಒಂದು ಗುಂಡಿ: ಓಬಿಎಸ್ ಮೈಕ್ ಅನ್ನು ತಾನೇ ಹಿಡಿದುಕೊಂಡಿರುತ್ತದೆ. ಅದು ಗೊತ್ತಿಲ್ಲದೆ ನೀವು ಆಡಿಯೋ ಇನ್‌ಪುಟ್ ಅಂತ ಅದೇ ಮೈಕನ್ನು ಮತ್ತೊಮ್ಮೆ ಸೇರಿಸಿದರೆ ದನಿ ಎರಡೆರಡು ಸಲ ಬಂದು ಬಾವಿಯೊಳಗೆ ಹಾಡಿದ ಹಾಗೆ ಕೇಳುತ್ತದೆ. ಮಿಕ್ಸರ್‌ನಲ್ಲಿ ಎರಡು ಪಟ್ಟಿ ಒಟ್ಟಿಗೆ ಕುಣಿಯುತ್ತಿದ್ದರೆ ಒಂದನ್ನು ತೆಗೆಯಿರಿ. ಫಿಲ್ಟರ್‌ಗಳಲ್ಲಿ ನಾಯ್ಸ್ ಸಪ್ರೆಷನ್ ಅಂತಲೂ ಇದೆ. ಹಾಡಿಗೆ ಅದು ಬೇಡ, ಕಾರಣ ಮೇಲೆ ಹೇಳಿದ್ದೇ.

ಸೆಟ್ಟಿಂಗ್ಸ್‌ನ ಔಟ್‌ಪುಟ್‌ನಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಕೆವಿ ಇಡಿ. ಮಾಮೂಲಿ ಎಂಪಿ4 ಆದರೆ ಕೊನೆಗೆ ಸ್ಟಾಪ್ ಒತ್ತಿದಾಗಲೇ ಫೈಲ್ ಪೂರ್ತಿಯಾಗುವುದು. ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಇಡೀ ಪಾಠ ಹೋದ ಹಾಗೆ. ಎಂಕೆವಿ ಅಲ್ಲಿಯವರೆಗಿನದನ್ನು ಉಳಿಸಿಕೊಳ್ಳುತ್ತದೆ. ಹೊಸ ಆವೃತ್ತಿಗಳಲ್ಲಿರುವ ಹೈಬ್ರಿಡ್ ಎಂಪಿ4 ಕೂಡ ಹಾಗೇ. ಎಂಕೆವಿಯನ್ನು ಆಮೇಲೆ ಫೈಲ್ ಮೆನುವಿನ ರಿಮಕ್ಸ್ ರೆಕಾರ್ಡಿಂಗ್ಸ್‌ನಿಂದ ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಒಂದು ಚೂರೂ ಇಳಿಯುವುದಿಲ್ಲ.

ಇನ್ನು ತಾಳ. ಕ್ಯಾಮೆರಾದ ಚಿತ್ರ ಮೈಕ್‌ನ ದನಿಗಿಂತ ಸ್ವಲ್ಪ ತಡವಾಗಿ ಬರುತ್ತದೆ. ಮಾತಿನ ಪಾಠದಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದಿತಾಳದ ಪೆಟ್ಟು ಕೇಳಿದ ಮೇಲೆ ಕೈ ತೊಡೆಗೆ ಬಿದ್ದರೆ ಮಾತ್ರ ಸಂಗೀತ ಗೊತ್ತಿದ್ದವರಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆದು ರೆಕಾರ್ಡ್ ಮಾಡಿ. ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿ. 30 ಫ್ರೇಮ್ ವೇಗದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 33 ಮಿಲಿಸೆಕೆಂಡ್. ನಮ್ಮಲ್ಲಿ ಸದ್ದು ಬಂದ ನಾಲ್ಕು ಫ್ರೇಮ್ ಆದಮೇಲೆ ಕೈ ಕೂಡುತ್ತಿತ್ತು. ಓಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೈಕ್‌ನ ಸಿಂಕ್ ಆಫ್‌ಸೆಟ್‌ಗೆ 133 ಕೊಟ್ಟೆ. ಮತ್ತೆ ಚಪ್ಪಾಳೆ. ಎರಡೂ ಒಂದೇ ಕಡೆ ಬಿದ್ದವು. ಕ್ಯಾಮೆರಾ ಬದಲಾದರೆ ಮತ್ತೆ ಅಳೆಯಬೇಕು.

ಕತ್ತರಿಸಿ ಜೋಡಿಸಲು ಶಾಟ್‌ಕಟ್

ಇದು ಬೇಗ ಮುಗಿಯುತ್ತದೆ. ಕ್ಲಿಪ್ ಅನ್ನು ಟೈಮ್‌ಲೈನ್‌ಗೆ ಎಳೆಯಿರಿ. ಬೇಡದ ಜಾಗದ ಎರಡೂ ತುದಿಗೆ ನಿಂತು ಎಸ್ ಒತ್ತಿದರೆ ಕತ್ತರಿಸುತ್ತದೆ. ನಡುವಿನ ತುಂಡು ಆರಿಸಿ ಎಕ್ಸ್ ಒತ್ತಿದರೆ ಅದು ಹೋಗಿ ಮುಂದಿನದು ಬಂದು ಕೂಡಿಕೊಳ್ಳುತ್ತದೆ. ಪಾಠಕ್ಕೆ ಇಷ್ಟೇ ಸಾಕು, ಹಾರುವ ಅಕ್ಷರ, ತಿರುಗುವ ಚಿತ್ರ ಯಾವುದೂ ಬೇಡ. ಫೋನಿನಲ್ಲಿ ತೆಗೆದ ವಿಡಿಯೋ ಹಾಕಿದಾಗ ಎಡಿಟಿಂಗ್‌ಗೆ ಹೊಂದುವ ಹಾಗೆ ಪರಿವರ್ತಿಸಲೇ ಅಂತ ಕೇಳಿದರೆ ಹೂಂ ಅನ್ನಿ. ಫೋನ್ ವಿಡಿಯೋದ ಫ್ರೇಮ್ ವೇಗ ಹೆಚ್ಚುಕಡಿಮೆ ಆಗುತ್ತಿರುತ್ತದೆ, ಹಾಗೇ ಬಿಟ್ಟರೆ ದನಿ ಚಿತ್ರ ದೂರವಾಗುತ್ತವೆ.

ಕನ್ನಡದಲ್ಲಿ ಸಾಹಿತ್ಯ ಹಾಕುವಾಗ ಟೆಕ್ಸ್ಟ್ ಸಿಂಪಲ್ ಫಿಲ್ಟರ್ ಬಳಸಿ, ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಆರಿಸಿ. ಹಳೇ ನುಡಿ ಫೈಲ್‌ನಿಂದ ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚೌಚೌ ಬಂದೀತು. ಅದು ಯೂನಿಕೋಡ್ ಅಲ್ಲ, ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಎಕ್ಸ್‌ಪೋರ್ಟ್ ಮಾಡುವ ಮುಂಚೆ ಅರ್ಕಾವತ್ತು, ಒತ್ತಕ್ಷರ ಇರುವ ಸಾಲುಗಳನ್ನು ದೊಡ್ಡದು ಮಾಡಿ ಒಮ್ಮೆ ನೋಡಿ.

ಎದುರುಬದುರು ಕ್ಲಾಸ್

ನ್ಯೂಜೆರ್ಸಿಯ ಹುಡುಗಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಅವರು ಗಡಿಯಾರ ತಿರುಗಿಸುವ ವಾರ ಚಿಕ್ಕಮ್ಮ ಒಂದು ಗಂಟೆ ಸುಮ್ನೆ ಕಾದು ಕೂತಿದ್ದರು. ಮಾರ್ಚ್, ನವೆಂಬರ್‌ನಲ್ಲಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿ.

ಮಾತಾಡಲು, ಲಿಪಿ ತೋರಿಸಲು ಜಿಟ್ಸಿ ಮೀಟ್ ಅನ್ನುವ ವಿಡಿಯೋ ಕರೆಯ ತಾಣ ಸುಲಭ. ಮಗು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕೊಂಡಿ ಒತ್ತಿದರೆ ಬ್ರೌಸರ್‌ನಲ್ಲೇ ತೆರೆಯುತ್ತದೆ. 2023ರ ಆಗಸ್ಟ್‌ನಿಂದ ಅವರ ಉಚಿತ ತಾಣದಲ್ಲಿ ಕೋಣೆ ತೆರೆಯುವವರು ಮಾತ್ರ ಲಾಗಿನ್ ಆಗಬೇಕು. ಕೋಣೆಗೆ ಸಂಗೀತ ಅಂತ ಹೆಸರಿಟ್ಟರೆ ಯಾರು ಬೇಕಾದರೂ ಊಹಿಸಿ ನುಗ್ಗಬಹುದು. ಮೂರು ನಾಲ್ಕು ಬೇರೆ ಬೇರೆ ಪದ ಕೂಡಿಸಿ, ಸೆಕ್ಯೂರಿಟಿಯಲ್ಲಿ ಲಾಬಿ ಆನ್ ಮಾಡಿ. ಆಗ ಬಾಗಿಲು ತಟ್ಟಿ ಬರಬೇಕಾಗುತ್ತದೆ.

ಆದರೆ ಹಾಡಲು ಶುರು ಮಾಡಿದ ತಕ್ಷಣ ಹಳೇ ಕಥೆ. ಬ್ರೌಸರ್ ತಾನಾಗಿಯೇ ಗಲಾಟೆ ತೆಗೆಯುತ್ತದೆ, ದನಿಯ ಮಟ್ಟವನ್ನೂ ಏರಿಸಿ ಇಳಿಸುತ್ತದೆ. ಶ್ರುತಿ ಬಂದು ಬಂದು ಹೋಗುತ್ತದೆ, ಎಳೆದು ನಿಲ್ಲಿಸಿದ ಪಂಚಮ ನಡುವೆಯೇ ಕರಗುತ್ತದೆ. ಅದಕ್ಕೇ ಹಾಡಿನ ಕ್ಲಾಸ್‌ಗೆ ನಾವು ಝೂಮ್‌ಗೆ ಹೋದೆವು. ಅದರ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸಂಗೀತದವರಿಗೆ ಅಂತಲೇ ಒರಿಜಿನಲ್ ಸೌಂಡ್ ಇದೆ. ಅಲ್ಲಿ ಒಮ್ಮೆ ಆನ್ ಮಾಡಿ, ಕ್ಲಾಸ್ ಶುರುವಾದ ಮೇಲೆ ಪರದೆಯ ಮೇಲುಗಡೆಯೂ ಅದು ಆನ್ ಇದೆಯಾ ನೋಡಿ. ಎರಡೂ ಕಡೆಯವರು ಮಾಡಬೇಕು, ಎರಡೂ ಕಡೆ ಇಯರ್‌ಫೋನ್ ಇರಬೇಕು. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕ್ಲಾಸ್ ಕತ್ತರಿಸುತ್ತದೆ. ಚಿಕ್ಕ ಮಕ್ಕಳಿಗೆ ಅಷ್ಟೇ ಸಾಕು ಅನ್ನುತ್ತಾರೆ ಚಿಕ್ಕಮ್ಮ.

ಒಟ್ಟಿಗೆ ಹಾಡುವ ಆಸೆ ಬಿಡಬೇಕು. ಅರಸೀಕೆರೆಗೂ ನ್ಯೂಜೆರ್ಸಿಗೂ ನೇರ ದೂರವೇ ಸುಮಾರು 13,000 ಕಿಲೋಮೀಟರ್. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಲಿಕ್ಕೇ 65 ಮಿಲಿಸೆಕೆಂಡ್, ಬರಲು ಇನ್ನಷ್ಟೇ. ಅದರ ಮೇಲೆ ಕೇಬಲ್ ಸುತ್ತು, ವೈಫೈ, ಕಂಪ್ಯೂಟರ್‌ಗಳ ತಡ. ಎಷ್ಟು ಒಳ್ಳೇ ಇಂಟರ್‌ನೆಟ್ ಹಾಕಿಸಿದರೂ ಇದು ಹೋಗುವುದಿಲ್ಲ. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಎರಡನೇ ಆವರ್ತಕ್ಕೇ ಕಾಲ ಇಳಿದುಹೋಗುತ್ತದೆ. ಹಾಗಾಗಿ ಗುರು ಒಂದು ಸಾಲು, ಶಿಷ್ಯೆ ಒಂದು ಸಾಲು. ಮಗು ಹಾಡುವಾಗ ಶ್ರುತಿ ಮಗುವಿನ ಕಡೆಯೇ ಇರಲಿ, ತಾಳವನ್ನೂ ಮಗುವೇ ಹಾಕಲಿ. ಆಗ ದನಿ, ಶ್ರುತಿ, ತಾಳ ಮೂರೂ ಒಂದೇ ಕಡೆಯಿಂದ ಒಟ್ಟಿಗೆ ಬರುತ್ತವೆ. ಗುರು ಈ ಕಡೆ ತಾಳ ಹಾಕಿ ತೋರಿಸಿದರೆ ಮಗು ಸರಿಯಾಗಿ ಹಾಡಿದರೂ ತಪ್ಪಿದ ಹಾಗೆ ಕಾಣುತ್ತದೆ. ಇದು ತಿಳಿಯುವ ಮುಂಚೆ ಪಾಪ ಆ ಹುಡುಗಿ ಎರಡು ವಾರ ಬೈಸಿಕೊಂಡಳು.

ಪಾಠದ ಫೈಲ್ ಕಳಿಸಲು ಒಂದು ಚಾಟ್ ಗುಂಪು ಬೇಕಾಗುತ್ತದೆ. ವಾಟ್ಸ್‌ಆ್ಯಪ್ ಎಲ್ಲರ ಹತ್ತಿರ ಇರುತ್ತದೆ, ಆದರೆ ಗುಂಪಿನವರಿಗೆಲ್ಲ ಎಲ್ಲರ ನಂಬರ್ ಕಾಣುತ್ತದೆ. ಟೆಲಿಗ್ರಾಮ್‌ನಲ್ಲಿ ನಂಬರ್ ಮುಚ್ಚಿಡಬಹುದು, ಹೊಸದಾಗಿ ಸೇರಿದ ಮಗುವಿಗೂ ಹಳೆಯ ಪಾಠ ಕಾಣುವ ಹಾಗೆ ಇಡಬಹುದು. ಆದರೆ ಅದರ ಗುಂಪು ಮಾತುಕತೆಗೆ ತುದಿಯಿಂದ ತುದಿಗೆ ಗೂಢಲಿಪಿ (ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದದ ಹಾಗೆ ಮಾಡುವುದು) ಇಲ್ಲ. ಪಾಠದ ಫೈಲ್‌ಗೆ ಅದು ತೊಂದರೆಯಲ್ಲ, ಮನೆ ವಿಷಯ, ಮಕ್ಕಳ ಫೋಟೋ ಮಾತ್ರ ಅಲ್ಲಿ ಬೇಡ. ಆಡಿಯೋ ಕಳಿಸುವಾಗ ಯಾವುದೇ ಆ್ಯಪ್ ಆಗಲಿ ಡಾಕ್ಯುಮೆಂಟ್ ಅಥವಾ ಫೈಲ್ ಅಂತಲೇ ಕಳಿಸಿ, ಹಿಂಡಿ ಚಿಕ್ಕದು ಮಾಡುವುದಿಲ್ಲ.

ಮೊದಲ ಕ್ಲಾಸ್‌ನ ಹಿಂದಿನ ದಿನ ಪಕ್ಕದ ಕೋಣೆಯಲ್ಲಿ ಫೋನ್ ಹಿಡಿದು ಯಾರನ್ನಾದರೂ ಕೂರಿಸಿ. ಐದು ನಿಮಿಷ ಹಾಡಿ, ಶ್ರುತಿ ನಿಲ್ಲದೆ ಕೇಳುತ್ತಿದೆಯಾ ಅಂತ ಕೇಳಿ. ಚಾರ್ಜರ್ ಕಿತ್ತು ನೋಡಿ, ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಅಂತ ಗಡಿಯಾರ ಹಿಡಿದು ಬರೆದುಕೊಳ್ಳಿ. ನಮ್ಮದು 50 ನಿಮಿಷ ಬಂತು. ಕ್ಲಾಸ್ 40 ನಿಮಿಷ.